ಪರೇಲಿನ ಇಲಿಯೂ ನಮ್ಮ ಖೋಲಿಯ ಕೆಮ್ಮೂ

(ನಮ್ಮ ಸಂಘದ ವಾಚನಾಲಯದಲ್ಲಿ ಹೋಟೆಲು ಮತ್ತು ಗಿರಣಿ ಕೆಲಸಗಾರ ಬಂಧುಗಳ ಕೂಟದ ಮುಂದೆ ಮಾಡಿದ ಭಾಷಣ)



ಹೋಟೆಲಿನ ಕದ ಹಾಕಿ, ಭಟ್ಟಿ ಆರಿಸಿ, ಮೈಗೆ ಹತ್ತಿದ ಹೊಗೆಯನ್ನೂ ತೊಳೆಯದೆ ನೇರವಾಗಿ ಇಲ್ಲಿಗೆ ಬಂದು ಕುಳಿತವರು ನಿಮ್ಮಲ್ಲಿ ಅನೇಕರಿದ್ದೀರಿ. ಮುಂದಿನ ಸಾಲಿನಲ್ಲಿರುವ ಹಿರಿಯರು ಒಂದು ಕಾಲಕ್ಕೆ ಪರೇಲು, ಲಾಲಬಾಗ, ವರಳಿಯ ಗಿರಣಿಗಳಲ್ಲಿ ಹಗಲು ಪಾಳಿ, ರಾತ್ರಿ ಪಾಳಿ ಎನ್ನದೆ ದುಡಿದವರು. 1982ರ ಮುಷ್ಕರದ ಅನಂತರ ಆ ಗಿರಣಿಗಳು ಒಂದೊಂದಾಗಿ ಮುಚ್ಚಿಹೋದವು. ಆದರೂ ಗಿರಣಿ ಕೆಲಸಗಾರನೆಂಬ ಹೆಸರನ್ನು ಅವರು ಬಿಟ್ಟುಕೊಟ್ಟಿಲ್ಲ, ನಾವೂ ಬಿಟ್ಟಿಲ್ಲ. ಹೀಗೆ ದಣಿದು ಬಂದವರ ಮುಂದೆ ಮಾತನಾಡುವವರು ನಿದ್ದೆಗೆಡಿಸಿದ್ದಕ್ಕೆ ತಕ್ಕ ಪ್ರಯೋಜನವನ್ನೂ ಕೊಡಬೇಕು. ಆ ಭಯದಿಂದಲೇ ನಾವು ಎದ್ದು ನಿಂತಿದ್ದೇವೆ.

ಫಲಕದ ಮೇಲೆ "ಜೀವಿಗಳ ವಿಕಾಸ" ಎಂದು ಬರೆದುದನ್ನು ಕಂಡು ಒಬ್ಬ ಮಿತ್ರರು, "ಮಂಗನಿಂದ ಮನುಷ್ಯನಾದ ಕಥೆಯೋ? ನಮಗೆ ಅದರಿಂದ ಏನಾಗಬೇಕಾಗಿದೆ?" ಎಂದು ಕೇಳಿದರು. ಅವರಿಗೆ ನಾವು ಒಂದು ಮಾತು ಕೊಟ್ಟಿದ್ದೇವೆ: ಈ ರಾತ್ರಿ ಮಂಗನ ಸುದ್ದಿಯೇ ಇಲ್ಲ. ಮಾತನಾಡತಕ್ಕದ್ದು ಇಲಿಯ ವಿಷಯ, ತಿಗಣೆಯ ವಿಷಯ, ಕಣ್ಣಿಗೆ ಕಾಣದ ಒಂದು ಕ್ರಿಮಿಯ ವಿಷಯ. ಮೂವರೂ ನಮಗೆ ಗುರುತಿನವರೇ. ಬಾಡಿಗೆ ಕೊಡದೆ ನಮ್ಮ ಖೋಲಿಗಳಲ್ಲಿ ಬಿಡಾರ ಹೂಡಿದವರು.

ಮೊದಲು ಊರಿನ ಒಂದು ಸಂಗತಿ. ಕುಮಟೆಯ ಕಡೆಯವರು ಇದ್ದರೆ ಅವರಿಗೆ ಗೊತ್ತು. ಅಘನಾಶಿನಿ ಹೊಳೆ ಸಮುದ್ರವನ್ನು ಸೇರುವ ಕಡೆ ಗಜನಿ ಗದ್ದೆಗಳು ಉಂಟು. ಭರತದ ಉಪ್ಪುನೀರು ನುಗ್ಗುವ ನೆಲ ಅದು. ಬೇರೆ ಕಡೆಯ ಭತ್ತವನ್ನು ತಂದು ಅಲ್ಲಿ ಹಾಕಿದರೆ ಉಪ್ಪಿಗೆ ಸುಟ್ಟುಹೋಗುತ್ತದೆ. ಆದರೆ ಕಗ್ಗ ಎಂಬ ಭತ್ತ ಅಲ್ಲಿಯೇ ಬೆಳೆಯುತ್ತದೆ. ಉಪ್ಪನ್ನು ತಾಳುತ್ತದೆ, ನೆರೆ ಬಂದು ಕೆಲವು ದಿನ ನೀರಿನಲ್ಲಿ ಮುಳುಗಿದರೂ ಮತ್ತೆ ತಲೆ ಎತ್ತುತ್ತದೆ. ಇದನ್ನು ಯಾರು ಮಾಡಿದರು? ಭತ್ತಕ್ಕೆ ಉಪ್ಪು ತಿನ್ನುವುದನ್ನು ಯಾರಾದರೂ ಕಲಿಸಿದರೇ?

ಯಾರೂ ಕಲಿಸಲಿಲ್ಲ. ಒಂದೇ ಗದ್ದೆಯ ಪೈರಿನಲ್ಲಿಯೂ ಎಲ್ಲ ಸಸಿಗಳು ಒಂದೇ ಸಮನಾಗಿರುವುದಿಲ್ಲ. ಒಂದು ಸ್ವಲ್ಪ ಎತ್ತರ, ಇನ್ನೊಂದು ಗಿಡ್ಡ. ಒಂದು ಉಪ್ಪಿಗೆ ಬೇಗ ಸೋಲುತ್ತದೆ, ಇನ್ನೊಂದು ತಡವಾಗಿ ಸೋಲುತ್ತದೆ. ಉಪ್ಪುನೀರು ನುಗ್ಗಿದ ವರ್ಷ ತಾಳಲಾರದವು ಕರಗಿದವು, ತಾಳಿದವು ತೆನೆ ಬಿಟ್ಟವು. ಮರುವರ್ಷಕ್ಕೆ ಬೀಜವಾದದ್ದು ಆ ತೆನೆಯೇ. ರೈತನೂ ಒಳ್ಳೆಯ ತೆನೆಯನ್ನೇ ಆರಿಸಿ ಇಟ್ಟ. ಹೀಗೆ ತಲೆಮಾರು ತಲೆಮಾರು ಕಳೆದ ಮೇಲೆ ಗದ್ದೆಯಲ್ಲಿ ಉಳಿದದ್ದೆಲ್ಲ ಉಪ್ಪು ತಾಳುವ ಜಾತಿಯೇ ಆಯಿತು. ಒಂದು ಸಸಿಯೂ ತಾನು ಬದಲಾಗಲಿಲ್ಲ, ಗದ್ದೆ ಬದಲಾಯಿತು. ಈ ಮಾತನ್ನು ಗಂಟು ಹಾಕಿ ಇಟ್ಟುಕೊಳ್ಳಿ. ಇಂದಿನ ಭಾಷಣವೆಲ್ಲ ಇದರಲ್ಲಿಯೇ ಇದೆ.

ಇದಕ್ಕೆ ಬೇಕಾದುವು ಮೂರೇ. ಒಂದು, ಒಂದೇ ಜಾತಿಯ ಜೀವಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸ್ವಲ್ಪ ವ್ಯತ್ಯಾಸವಿರಬೇಕು. ಎರಡು, ಆ ವ್ಯತ್ಯಾಸ ತಾಯಿತಂದೆಗಳಿಂದ ಮಕ್ಕಳಿಗೆ ಇಳಿದು ಬರತಕ್ಕದ್ದಾಗಿರಬೇಕು. ಮೂರು, ಹುಟ್ಟಿದವುಗಳಲ್ಲಿ ಎಲ್ಲವೂ ಬದುಕಿ ಮರಿಹಾಕದೆ, ಆ ಸ್ಥಳಕ್ಕೆ ಹೊಂದಿದವು ಹೆಚ್ಚು ಸಂತಾನ ಬಿಡಬೇಕು. ಈ ಮೂರು ಕೂಡಿದ ಕಡೆ ಆ ಜಾತಿಯ ಗುಂಪು ಬದಲಾಗಿಯೇ ತೀರುತ್ತದೆ. ಇದನ್ನೇ ನಿಸರ್ಗದ ಆಯ್ಕೆ ಎನ್ನುತ್ತಾರೆ. ಆರಿಸುವವನು ಯಾರೂ ಇಲ್ಲ. ಜರಡಿ ಉಂಟು, ಜರಡಿ ಹಿಡಿದ ಕೈ ಇಲ್ಲ.

ಇನ್ನು ನಮ್ಮ ಮುಂಬಯಿಗೆ ಬರೋಣ. 1896ರ ಸಪ್ಟಂಬರದಲ್ಲಿ ಮಾಂಡವಿಯ ಗೋದಾಮುಗಳ ನಡುವೆ ಪ್ಲೇಗು ಕಾಣಿಸಿಕೊಂಡಿತು. ಅಕಾಸಿಯೋ ವೀಗಸ್ ಎಂಬ ವೈದ್ಯರು ಅದನ್ನು ಮೊದಲು ಗುರುತಿಸಿದರು. ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಜನ ಊರು ಬಿಟ್ಟು ಓಡಿದರು. ಗಿರಣಿಗಳಲ್ಲಿ ಮಗ್ಗ ನಡೆಸಲು ಕೈ ಸಿಗದಂತಾಯಿತು. ಹಾಫ್‌ಕಿನ್ ಎಂಬ ವಿಜ್ಞಾನಿಯು ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಕುಳಿತು ಪ್ಲೇಗಿನ ಚುಚ್ಚುಮದ್ದನ್ನು ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡನು. 1899ರಲ್ಲಿ ಪರೇಲಿನ ಹಳೆಯ ಗವರ್ನರರ ಬಂಗಲೆಗೆ ಆ ಪ್ರಯೋಗಶಾಲೆ ಬಂದಿತು. 1925ರಿಂದ ಅದಕ್ಕೆ ಹಾಫ್‌ಕಿನ್ ಸಂಸ್ಥೆ ಎಂದೇ ಹೆಸರು. ನಮ್ಮ ಹಿರಿಯರು ಪಾಳಿಗೆ ಹೋಗುತ್ತ ಬರುತ್ತ ಅದರ ಗೋಡೆಯನ್ನು ಎಷ್ಟೋ ಸಲ ಕಂಡವರು.

ಆ ಗೋಡೆಯ ಒಳಗೆ ಪ್ಲೇಗು ಸಂಶೋಧನೆಯ ಆಯೋಗದವರು 1905ರಿಂದ ಇಲಿಗಳ ಮೇಲೆ ದೊಡ್ಡ ಪ್ರಮಾಣದಲ್ಲಿ ಪ್ರಯೋಗ ನಡೆಸಿದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುತ್ತದೆಂಬುದನ್ನು ದೃಢಪಡಿಸಿದ್ದು ಅವರ ದೊಡ್ಡ ಕೆಲಸ. ಅದರ ಜೊತೆಗೆ ಇನ್ನೊಂದು ವಿಚಿತ್ರ ಅವರ ಕಣ್ಣಿಗೆ ಬಿತ್ತು. ಮದರಾಸು ಪಟ್ಟಣಕ್ಕೆ ಪ್ಲೇಗು ಹೆಚ್ಚಾಗಿ ತಟ್ಟಿರಲಿಲ್ಲ. ಅಲ್ಲಿಂದ ತರಿಸಿದ ಇಲಿಗಳಿಗೆ ಪ್ಲೇಗಿನ ಕ್ರಿಮಿ ತಗಲಿಸಿದರೆ ಬಹುಮಟ್ಟಿಗೆ ಎಲ್ಲವೂ ಸತ್ತವು. ಮುಂಬಯಿಯ ಇಲಿಗಳಿಗೂ ಹಾಗೆಯೇ ತಗಲಿಸಿದರು. ಅವುಗಳಲ್ಲಿ ಅನೇಕವು ಸಾಯದೆ ಉಳಿದವು. ಮುಂದೆ 1930ರ ದಶಕದಲ್ಲಿ, ಸಾಹಿಬ್ ಸಿಂಗ್ ಸೋಖೆಯವರು ಅದೇ ಸಂಸ್ಥೆಯ ನಿರ್ದೇಶಕರಾಗಿದ್ದಾಗ, ಬೇರೆ ಬೇರೆ ಊರಿನ ಇಲಿಗಳನ್ನು ಹೋಲಿಸಿ ನೋಡಿದರು. ಆಗಲೂ ಹೆಚ್ಚು ಪ್ಲೇಗು ಕಂಡ ಊರಿನ ಇಲಿಗೆ ಹೆಚ್ಚು ತಡೆಯುವ ಶಕ್ತಿ ಇತ್ತು.

ಈಗ ಗಜನಿ ಗದ್ದೆಯನ್ನು ನೆನಪಿಗೆ ತಂದುಕೊಳ್ಳಿ. ಅಲ್ಲಿ ಉಪ್ಪು, ಇಲ್ಲಿ ಪ್ಲೇಗು. ಮಾಂಡವಿಯ ಗೋದಾಮಿನಲ್ಲಿ, ಪರೇಲಿನ ಚಾಳಿನ ಮೋರಿಯಲ್ಲಿ ಪ್ರತಿವರ್ಷ ಇಲಿಗಳು ರಾಶಿರಾಶಿಯಾಗಿ ಸತ್ತವು. ಸ್ವಭಾವದಿಂದಲೇ ಸ್ವಲ್ಪ ತಡೆಯುವ ಶಕ್ತಿ ಇದ್ದವು ಉಳಿದು ಮರಿಹಾಕಿದವು. ಇಲಿಯ ತಲೆಮಾರೆಂದರೆ ಕೆಲವೇ ತಿಂಗಳು. ಆದುದರಿಂದ ಹತ್ತು ವರ್ಷದೊಳಗೆ ಮುಂಬಯಿಯ ಇಲಿಯ ಗುಂಪು ಮದರಾಸಿನ ಗುಂಪಿಗಿಂತ ಬೇರೆಯಾಗಿ ನಿಂತಿತು. ಇಲಿ ಔಷಧ ಕುಡಿಯಲಿಲ್ಲ, ಪಥ್ಯ ಮಾಡಲಿಲ್ಲ. ಸಾಯುವವು ಸತ್ತವು. ಆಯ್ಕೆ ನಡೆಯುವ ರೀತಿ ಇದು. ಅದರ ಬೆಲೆಯೂ ಇದೇ.

ಇದನ್ನು ಮೊದಲು ಕಂಡುಹಿಡಿದವರು ಯಾರೆಂದು ನೀವು ಕೇಳಬಹುದು. ಚಾರ್ಲ್ಸ್ ಡಾರ್ವಿನ್ ಎಂಬ ಹೆಸರು ನಿಮಗೆ ಗೊತ್ತು. ಅವನ ದೊಡ್ಡ ಗ್ರಂಥ ಪ್ರಕಟವಾದುದು 1859ರ ನವಂಬರದಲ್ಲಿ. ಆದರೆ ನಾವು ನಿಮಗೆ ಇನ್ನಿಬ್ಬರ ಹೆಸರು ಹೇಳಲು ಇಷ್ಟಪಡುತ್ತೇವೆ, ಏಕೆಂದರೆ ಅವರು ನಮ್ಮಂಥವರು. ಆಲ್ಫ್ರೆಡ್ ವಾಲೆಸ್ ಎಂಬವನು ಬಡತನದಿಂದ ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಭೂಮಿ ಅಳೆಯುವ ಕೆಲಸಕ್ಕೆ ಸೇರಿದನು. ಹೆನ್ರಿ ಬೇಟ್ಸ್ ಎಂಬವನು ಬಾಲ್ಯದಲ್ಲಿಯೇ ಕಾಲುಚೀಲ ಹೆಣೆಯಿಸುವ ಒಬ್ಬ ಧಣಿಯಲ್ಲಿ ಉಮೇದುವಾರನಾಗಿ ದಿನಕ್ಕೆ ಹದಿಮೂರು ತಾಸು ದುಡಿದು, ರಾತ್ರಿ ಕಾರ್ಮಿಕರ ವಿದ್ಯಾಸಂಸ್ಥೆಯಲ್ಲಿ ಪಾಠ ಕಲಿತವನು. ಹೋಟೆಲಿನಲ್ಲಿ ಮಾಣಿಯಾಗಿದ್ದು ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದವರು ನಮ್ಮಲ್ಲಿ ಇಲ್ಲವೇ? ಹಾಗೆಯೇ ಇವನು. ಇಬ್ಬರೂ 1848ರಲ್ಲಿ ಅಮೆಜಾನಿನ ಕಾಡಿಗೆ ಹೋದರು. ಕೀಟ ಪಕ್ಷಿಗಳನ್ನು ಹಿಡಿದು ಮಾರಿ ಹೊಟ್ಟೆ ಹೊರೆದರು. ಹಕ್ಕಿಗೆ ರುಚಿಸದ ಚಿಟ್ಟೆಯ ವೇಷವನ್ನು ರುಚಿಸುವ ಚಿಟ್ಟೆ ಹೇಗೆ ಪಡೆಯಿತು ಎಂಬುದನ್ನು ನಿಸರ್ಗದ ಆಯ್ಕೆಯಿಂದ ವಿವರಿಸಿದವನು ಬೇಟ್ಸ್. ವಾಲೆಸನು ಅನಂತರ ಮಲಯ ದ್ವೀಪಗಳ ಕಡೆಗೆ ಹೋದನು. 1858ರಲ್ಲಿ ಅಲ್ಲಿ ಜ್ವರ ಬಂದು ನಡುಗುತ್ತ ಮಲಗಿದ್ದಾಗ, ಡಾರ್ವಿನನು ಇಪ್ಪತ್ತು ವರ್ಷ ಕುಳಿತು ಯೋಚಿಸಿದ ಅದೇ ತತ್ತ್ವ ಅವನಿಗೂ ಹೊಳೆಯಿತು. ಅದೇ ವರ್ಷ ಇಬ್ಬರ ಲೇಖನಗಳನ್ನೂ ಲಂಡನ್ನಿನಲ್ಲಿ ಒಂದೇ ಸಭೆಯಲ್ಲಿ ಓದಿದರು. ವಿದ್ಯೆ ಧಣಿಗಳ ಸೊತ್ತಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಲಿಯ ಅನಂತರ ತಿಗಣೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಡಿ.ಡಿ.ಟಿ. ಎಂಬ ಪುಡಿ ಬಂದಿತು. ಅದನ್ನು ಹಾಸಿಗೆಗೆ ಎರಚಿದರೆ ತಿಗಣೆ ಉರುಳಿ ಬೀಳುತ್ತಿತ್ತು, ಲೋಕವೆಲ್ಲ ಹಿಗ್ಗಿತು. 1947ರಲ್ಲಿಯೇ ಹವಾಯಿ ದ್ವೀಪದ ನೌಕಾನೆಲೆಯ ಬ್ಯಾರಕ್ಕುಗಳಲ್ಲಿ ಡಿ.ಡಿ.ಟಿ.ಗೆ ಸಾಯದ ತಿಗಣೆ ಕಂಡುಬಂತು. ಸೊಳ್ಳೆಯ ಕಥೆಯೂ ಅದೇ. ಭಾರತ ಸರಕಾರ 1953ರಲ್ಲಿ ಮಲೇರಿಯಾ ನಿಯಂತ್ರಣದ ಯೋಜನೆಯನ್ನು ಆರಂಭಿಸಿ ಹಳ್ಳಿಹಳ್ಳಿಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿತು. ವರ್ಷಕ್ಕೆ ಕೋಟಿಗಟ್ಟಲೆ ಇದ್ದ ಮಲೇರಿಯಾ 1965ರ ಹೊತ್ತಿಗೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಇದು ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ 1959ರಲ್ಲಿಯೇ, ಆಗಿನ ಮುಂಬಯಿ ರಾಜ್ಯಕ್ಕೆ ಸೇರಿದ್ದ ಪಂಚಮಹಲ ಜಿಲ್ಲೆಯಲ್ಲಿ, ಹಳ್ಳಿಗಳ ಮುಖ್ಯ ಮಲೇರಿಯಾ ಸೊಳ್ಳೆ ಡಿ.ಡಿ.ಟಿ.ಯನ್ನು ತಾಳಿಕೊಂಡದ್ದು ಗೊತ್ತಾಗಿತ್ತು. 1976ರಲ್ಲಿ ದೇಶದಲ್ಲಿ ಮಲೇರಿಯಾ ಮತ್ತೆ 64 ಲಕ್ಷಕ್ಕೆ ಏರಿತು. ಅದಕ್ಕೆ ಹಣದ ಕೊರತೆ, ಕೆಲಸದ ಸಡಿಲ ಮೊದಲಾಗಿ ಬೇರೆ ಕಾರಣಗಳೂ ಇದ್ದವು. ಸೊಳ್ಳೆಯ ಗುಂಪು ಬದಲಾದದ್ದೂ ಅವುಗಳಲ್ಲಿ ಒಂದು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತೆಗೆಯಬೇಕು. "ಸೊಳ್ಳೆಗೆ ಪುಡಿ ರೂಢಿಯಾಯಿತು" ಎಂದು ನಾವು ಹೇಳುವುದುಂಟು, ನಮಗೆ ಖಾರ ರೂಢಿಯಾದ ಹಾಗೆ. ಅದು ಸರಿಯಲ್ಲ. ಒಂದೊಂದು ಸೊಳ್ಳೆ ಅಭ್ಯಾಸ ಮಾಡಿಕೊಂಡು ಗಟ್ಟಿಯಾಗುವುದಿಲ್ಲ. ಪುಡಿ ಬರುವುದಕ್ಕೆ ಮೊದಲೇ ಕೋಟಿಯಲ್ಲಿ ಎಲ್ಲೋ ಒಂದೆರಡು, ಹುಟ್ಟಿನ ಒಂದು ಆಕಸ್ಮಿಕ ವ್ಯತ್ಯಾಸದಿಂದ, ಅದನ್ನು ತಾಳತಕ್ಕವು ಇರುತ್ತವೆ. ಪುಡಿಯಿಲ್ಲದಾಗ ಅವುಗಳಿಗೆ ಯಾವ ಲಾಭವೂ ಇಲ್ಲ, ಗುಂಪಿನಲ್ಲಿ ಗೋವಿಂದ. ಪುಡಿ ಬಿದ್ದು ಉಳಿದವೆಲ್ಲ ಸತ್ತ ಮೇಲೆ ಮನೆ ಅವುಗಳದೇ. 1943ರಲ್ಲಿ ಲೂರಿಯಾ, ಡೆಲ್‌ಬ್ರೂಕ್ ಎಂಬ ಇಬ್ಬರು ಕ್ರಿಮಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿಕೊಟ್ಟರು. ಮದ್ದು ಕ್ರಿಮಿಗೆ ಪಾಠ ಕಲಿಸುವುದಿಲ್ಲ. ಮದ್ದು ಬರುವ ಮೊದಲೇ ಇದ್ದ ಗಟ್ಟಿ ಕ್ರಿಮಿಯನ್ನು ಅದು ಆರಿಸಿ ಮುಂದೆ ತರುತ್ತದೆ, ಅಷ್ಟೇ.

ಈಗ ನಾವು ಮುಖ್ಯ ಮಾತಿಗೆ ಬಂದೆವು. ಮೂರನೆಯ ಬಿಡಾರದವನು ಕ್ಷಯದ ಕ್ರಿಮಿ. ಟಿ.ಬಿ. ಎಂದರೆ ಎಲ್ಲರಿಗೂ ಗೊತ್ತು. ಗಿರಣಿಯ ಚಾಳುಗಳಲ್ಲಿ ಅದು ಕಾಣದ ಮಾಳಿಗೆಯಿರಲಿಲ್ಲ. ಹೋಟೆಲಿನ ಮಾಳಿಗೆಯ ಮೇಲೆ ಕಿಟಕಿಯಿಲ್ಲದ ಕಡೆ ಹತ್ತು ಹನ್ನೆರಡು ಜನ ಸಾಲಾಗಿ ಮಲಗುವ ನಮ್ಮಂಥವರಿಗೆ ಅದು ಇಂದಿಗೂ ದೂರದ ಸುದ್ದಿಯಲ್ಲ.

1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಎಂಬ ಮದ್ದು ಬಂದಿತು. ಕ್ಷಯಕ್ಕೆ ಅದೇ ಮೊದಲನೆಯ ನಿಜವಾದ ಮದ್ದು. ಇಂಗ್ಲೆಂಡಿನಲ್ಲಿ ಅದನ್ನು ಪರೀಕ್ಷಿಸಿ 1948ರಲ್ಲಿ ಫಲವನ್ನು ಪ್ರಕಟಿಸಿದರು. ಮೊದಲ ತಿಂಗಳುಗಳಲ್ಲಿ ರೋಗಿಗಳು ಚೇತರಿಸಿಕೊಂಡರು. ಆಮೇಲೆ ಬಹುಮಂದಿಯ ಮೈಯಲ್ಲಿ ಆ ಮದ್ದಿಗೆ ಜಗ್ಗದ ಕ್ರಿಮಿ ತುಂಬಿಕೊಂಡಿತು. ಕಾರಣ ಏನೆಂಬುದಕ್ಕೆ ಒಂದು ಲೆಕ್ಕ ಹೇಳುತ್ತೇವೆ. ಗಲ್ಲೆಯ ಮೇಲೆ ಕುಳಿತು ಲೆಕ್ಕ ಬಲ್ಲವರು ಸ್ವಲ್ಪ ಕಿವಿಗೊಡಬೇಕು.

ಎದೆಗೂಡಿನಲ್ಲಿ ಹುಣ್ಣಾಗಿ ಟೊಳ್ಳು ಬಿದ್ದವನ ಒಂದು ಟೊಳ್ಳಿನಲ್ಲಿಯೇ ಹತ್ತು ಕೋಟಿಯಷ್ಟು ಕ್ರಿಮಿಗಳು ಇರಬಹುದು. ಐಸೋನಿಯಾಜಿಡ್ ಎಂಬ ಗುಳಿಗೆಗೆ ಸಾಯದ ಕ್ರಿಮಿ ಸುಮಾರು ಹತ್ತು ಲಕ್ಷಕ್ಕೆ ಒಂದು ತಾನಾಗಿಯೇ ಹುಟ್ಟುತ್ತದೆ. ಅಂದರೆ ಗುಳಿಗೆ ನುಂಗುವ ಮೊದಲೇ ಆ ಟೊಳ್ಳಿನಲ್ಲಿ ಅಂಥವು ನೂರು ಇದ್ದಾವು. ರಿಫಾಂಪಿಸಿನ್ ಎಂಬುದಕ್ಕೆ ಸಾಯದ್ದು ಸುಮಾರು ಹತ್ತು ಕೋಟಿಗೆ ಒಂದು. ಒಂದೇ ಮದ್ದು ಕೊಟ್ಟರೆ ಆ ನೂರು, ಅಥವಾ ಆ ಒಂದು, ಉಳಿಯಿತು. ಕ್ಷಯದ ಕ್ರಿಮಿ ಸುಮಾರು ದಿನಕ್ಕೊಮ್ಮೆ ಒಂದು ಎರಡಾಗುತ್ತದೆ. ಕೆಲವು ವಾರಗಳಲ್ಲಿ ಟೊಳ್ಳು ಮತ್ತೆ ತುಂಬಿತು, ಆದರೆ ಈ ಸಲ ಮದ್ದಿಗೆ ಜಗ್ಗದ ಸಂತಾನದಿಂದ. ಎರಡು ಮದ್ದುಗಳನ್ನೂ ಒಟ್ಟಿಗೆ ಕೊಟ್ಟರೋ? ಎರಡಕ್ಕೂ ಸಾಯದ ಕ್ರಿಮಿ ಹುಟ್ಟಬೇಕಾದರೆ ಹತ್ತು ಲಕ್ಷವನ್ನು ಹತ್ತು ಕೋಟಿಯಿಂದ ಗುಣಿಸಬೇಕು: ಕೋಟಿ ಕೋಟಿಗೆ ಒಂದು. ಒಬ್ಬ ಮನುಷ್ಯನ ಎದೆಯಲ್ಲಿ ಅಷ್ಟು ಕ್ರಿಮಿಗಳಿಲ್ಲ. ಆದುದರಿಂದಲೇ ವೈದ್ಯರು ಮೂರು ನಾಲ್ಕು ಮದ್ದುಗಳನ್ನು ಕೂಡಿಸಿ ಕೊಡುತ್ತಾರೆ. ಒಂದು ತಪ್ಪಿದ್ದನ್ನು ಇನ್ನೊಂದು ಹಿಡಿಯುತ್ತದೆ.

ಹಾಗಾದರೆ ಆರು ತಿಂಗಳು ಏಕೆ? ಬೇಗ ಬೆಳೆಯುವ ಕ್ರಿಮಿಗಳು ಬೇಗ ಸಾಯುತ್ತವೆ. ಕೆಲವು ಮಾತ್ರ ನಿದ್ದೆ ಹೋದವರಂತೆ ಸುಮ್ಮನೆ ಬಿದ್ದಿರುತ್ತವೆ; ಅವನ್ನು ಕೊಲ್ಲಲು ತಿಂಗಳುಗಟ್ಟಲೆ ಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮೈ ತುಂಬಿತು ಎಂದು ಬಿಟ್ಟವನ ಎದೆಯಲ್ಲಿ ಅವು ಎದ್ದು ಮತ್ತೆ ಬೆಳೆಯುತ್ತವೆ. ಆಮೇಲೆ ಸ್ವಲ್ಪ ದಿನ ತೆಗೆದುಕೊಳ್ಳುವುದು, ಸ್ವಲ್ಪ ದಿನ ಬಿಡುವುದು, ನಾಲ್ಕರಲ್ಲಿ ಒಂದನ್ನೇ ಅಂಗಡಿಯಲ್ಲಿ ಕೊಳ್ಳುವುದು, ಹೀಗೆ ಮಾಡುತ್ತ ಬಂದರೆ ಪ್ರತಿಸಲವೂ ಜರಡಿ ಆಡಿಸಿದಂತೆ. ಗಟ್ಟಿಯಾದ್ದೇ ಮೇಲೆ ಉಳಿಯುತ್ತದೆ.

ಒಂದು ನಡೆದ ಸಂಗತಿ ಹೇಳಲೇಬೇಕು. ಹಲವು ವರ್ಷಗಳ ಹಿಂದೆ ಕುಂದಾಪುರದ ಕಡೆಯ ಒಬ್ಬ ತರುಣ ಉಪನಗರದ ಒಂದು ಹೋಟೆಲಿನ ಅಡಿಗೆಮನೆಯಲ್ಲಿದ್ದ. ಕೆಮ್ಮು ಬಂತು. ತಿಳಿದರೆ ಕೆಲಸದಿಂದ ತೆಗೆಯುತ್ತಾರೆಂದು ಒಂದು ತಿಂಗಳು ಬಾಯಿಗೆ ಬಟ್ಟೆ ಒತ್ತಿ ಅಡಗಿಸಿದ. ಕೊನೆಗೆ ರಕ್ತ ಕಂಡಾಗ ಸಂಘಕ್ಕೆ ಬಂದ. ನಾವು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆವು, ಮದ್ದು ಆರಂಭವಾಯಿತು. ಎರಡು ತಿಂಗಳಲ್ಲಿ ಹುಡುಗ ಗುಂಡಗಾದ. ಅಷ್ಟರಲ್ಲಿ ಊರಿನಲ್ಲಿ ನಾಟಿಗೆ ಜನ ಸಾಲದೆಂದು ತಾಯಿಯಿಂದ ಕರೆ ಬಂತು. ಬಸ್ಸಿನ ಟಿಕೀಟು ತೆಗೆಸಿಕೊಟ್ಟವರು ನಾವೇ. ಮದ್ದು ಕಟ್ಟಿಕೊಂಡಿದ್ದೀಯಾ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ದೀಪಾವಳಿಯ ಹೊತ್ತಿಗೆ ಹಿಂದೆ ಬಂದ. ಕೆಮ್ಮೂ ಅವನ ಜೊತೆಗೆ ಬಂದಿತ್ತು. ನಾಚಿಕೆಯಿಂದ ದವಾಖಾನೆಗೆ ಹೋಗದೆ, ಉಳಿದ ಗುಳಿಗೆಗಳನ್ನು ಹತ್ತು ದಿನ ನುಂಗಿದ. ಆಮೇಲೆ ಕೈಯಲ್ಲಿದ್ದ ಹಣಕ್ಕೆ ಸಿಕ್ಕಿದ ಒಂದೇ ಬಗೆಯನ್ನು ಕೊಂಡು ತಿಂದ. ಮುಂದೆ ಕಫದ ಪರೀಕ್ಷೆ ಮಾಡಿಸಿದಾಗ ಅದು ಎರಡು ಮುಖ್ಯ ಮದ್ದುಗಳಿಗೂ ಜಗ್ಗದ ಟಿ.ಬಿ. ಎಂದು ತಿಳಿಯಿತು. ಒಂದೂವರೆ ವರ್ಷಕ್ಕೂ ಮೀರಿ ಮದ್ದು, ತಿಂಗಳುಗಟ್ಟಲೆ ದಿನಾ ಸೂಜಿ. ಗುಣವಾಯಿತು. ಆದರೆ ಸೂಜಿಯ ಮದ್ದಿನಿಂದ ಅವನ ಒಂದು ಕಿವಿ ಇಂದಿಗೂ ಮಂದ. ಅವನು ಈ ಕೂಟದಲ್ಲಿಯೇ ಕುಳಿತಿದ್ದಾನೆ. "ಹೇಳಿ, ನಾಲ್ಕು ಜನಕ್ಕೆ ಉಪಕಾರವಾಗಲಿ" ಎಂದು ಅಪ್ಪಣೆ ಕೊಟ್ಟವನೂ ಅವನೇ.

ಇದಕ್ಕಿಂತ ಕಠಿಣವಾದ ಮಾತು ಇನ್ನೊಂದಿದೆ. ಅವನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವನಿಗೂ ರೋಗ ತಗಲಿತು, ಮತ್ತು ತಗಲಿದ್ದು ಜಗ್ಗದ ಕ್ರಿಮಿಯೇ. ಆ ಎರಡನೆಯವನು ಒಂದು ಗುಳಿಗೆಯನ್ನೂ ತಪ್ಪಿಸಿದವನಲ್ಲ. ಅವನು ಗುಳಿಗೆಯನ್ನೇ ಕಂಡವನಲ್ಲ. ಒಬ್ಬನ ಎದೆಯಲ್ಲಿ ನಡೆದ ಆಯ್ಕೆಯ ಫಲವನ್ನು ಇನ್ನೊಬ್ಬನು ಉಣ್ಣಬೇಕಾಯಿತು. ಹಾಗಾಗಿ ಮದ್ದು ಮುಗಿಸುವುದು ಒಬ್ಬನ ಸ್ವಂತ ವಿಷಯವಲ್ಲ. ಅದು ಖೋಲಿಯ ವಿಷಯ, ಹೋಟೆಲಿನ ವಿಷಯ, ಊರಿನ ವಿಷಯ.

ತಪ್ಪೆಲ್ಲ ರೋಗಿಯದೆಂದು ನಾವು ಹೇಳುವುದಿಲ್ಲ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಧಾರಾವಿಯ 100 ಮಂದಿ ಖಾಸಗಿ ವೈದ್ಯರು ಕ್ಷಯಕ್ಕೆ 80 ಬಗೆಯ ಮದ್ದಿನ ಚೀಟಿ ಬರೆದದ್ದು ಕಂಡುಬಂತು. ಇಂಥ ಅವ್ಯವಸ್ಥೆಯಲ್ಲಿ ಜರಡಿ ಹಗಲಿರುಳು ಆಡುತ್ತಲೇ ಇತ್ತು. 2011ರ ಕೊನೆಗೆ ಮಾಹಿಮಿನ ಹಿಂದೂಜಾ ಆಸ್ಪತ್ರೆಯ ವೈದ್ಯರು, ಆಗ ಪರೀಕ್ಷಿಸಿ ನೋಡಿದ ಯಾವ ಮದ್ದಿಗೂ ಜಗ್ಗದ ಟಿ.ಬಿ.ಯ 4 ರೋಗಿಗಳ ವಿವರವನ್ನು ಪ್ರಕಟಿಸಿದರು. ಲೋಕವೆಲ್ಲ ಮುಂಬಯಿಯ ಕಡೆ ತಿರುಗಿ ನೋಡಿತು. 2012ರ ಮೇ ತಿಂಗಳಲ್ಲಿ ಸರಕಾರವು ಪ್ರತಿಯೊಂದು ಟಿ.ಬಿ. ರೋಗಿಯ ವಿಷಯವನ್ನೂ ಎಲ್ಲ ವೈದ್ಯರು ತಿಳಿಸಲೇಬೇಕೆಂದು ಆಜ್ಞೆ ಮಾಡಿತು. ಆಮೇಲೆ ಹೊಸ ಮದ್ದುಗಳು ಬಂದಿವೆ, ಜಗ್ಗದ ಟಿ.ಬಿ.ಗೂ ಸೂಜಿಯಿಲ್ಲದೆ ಆರು ತಿಂಗಳ ಗುಳಿಗೆಯ ಕ್ರಮಕ್ಕೆ 2024ರಲ್ಲಿ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದೆ. ಸಂತೋಷ. ಆದರೆ ಹೊಸ ಮದ್ದಿಗೂ ಹಳೆಯ ನಿಯಮವೇ. ಅದನ್ನೂ ಅರ್ಧಕ್ಕೆ ಬಿಟ್ಟರೆ ಅದಕ್ಕೂ ಜಗ್ಗದ್ದು ಮೇಲೆ ಬರುತ್ತದೆ.

ಕೊನೆಗೆ ಒಂದು ದೊಡ್ಡ ತಪ್ಪು ಮಾತನ್ನು ತಿದ್ದಬೇಕು. "ಬಲಾಢ್ಯನೇ ಬದುಕುವನು, ಅದು ಸೃಷ್ಟಿಯ ನಿಯಮ, ಬಡವ ಸಾಯುವುದೂ ಅದರಿಂದಲೇ" ಎಂದು ಡಾರ್ವಿನನ ಹೆಸರಿನಲ್ಲಿ ಹೇಳುವವರಿದ್ದಾರೆ. ಇದು ವಿಜ್ಞಾನವಲ್ಲ, ಧಣಿಯ ಸಮಾಧಾನ. ಹೊಂದಿಕೊಂಡದ್ದು ಬದುಕುತ್ತದೆ ಎಂಬುದಷ್ಟೇ ಆ ತತ್ತ್ವ, ಅದೂ ಆ ಸ್ಥಳದಲ್ಲಿ, ಆ ಹೊತ್ತಿನಲ್ಲಿ. ಮದ್ದಿಗೆ ಜಗ್ಗದ ಕ್ರಿಮಿ ಅನೇಕ ವೇಳೆ ಮದ್ದಿಲ್ಲದ ಕಡೆ ಉಳಿದವಕ್ಕಿಂತ ನಿಧಾನವಾಗಿ ಬೆಳೆಯುತ್ತದೆ. ಕುಡುಗೋಲು ರಕ್ತಕಣದ ರೋಗ ನೀಲಗಿರಿಯ ಗಿರಿಜನರಲ್ಲಿ 1952ರಲ್ಲಿ ಕಂಡುಬಂತು. ತಾಯಿತಂದೆಗಳಿಬ್ಬರಿಂದಲೂ ಆ ಗುಣ ಬಂದ ಮಗುವಿಗೆ ಕಷ್ಟದ ರೋಗ. ಒಬ್ಬರಿಂದ ಮಾತ್ರ ಬಂದವನಿಗೆ ಮಲೇರಿಯಾದಿಂದ ಸ್ವಲ್ಪ ರಕ್ಷೆ. ಅದು ಒಳ್ಳೆಯ ಗುಣವೋ, ಕೆಟ್ಟ ಗುಣವೋ? ಸೊಳ್ಳೆಯಿರುವ ಕಾಡಿನಲ್ಲಿ ಒಂದು ಉತ್ತರ, ಇಲ್ಲದ ಕಡೆ ಇನ್ನೊಂದು. ಇಂಥ ರಕ್ತದ ದೋಷಗಳಿಗೂ ಮಲೇರಿಯಾಕ್ಕೂ ಸಂಬಂಧವಿರಬೇಕೆಂದು ಮೊದಲಿಗೆ ಸೂಚಿಸಿದವರಲ್ಲಿ ಹಾಲ್ಡೇನ್ ಎಂಬ ಮಹಾ ವಿಜ್ಞಾನಿ ಒಬ್ಬನು. ಅವನು 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡನು. ಜೀವಿಗಳಲ್ಲಿ ಮೇಲು ಕೀಳು ಎಂಬ ಜಾತಿಯನ್ನು ನಿಸರ್ಗ ಕಟ್ಟಿಲ್ಲ.

ಮತ್ತು ಮನುಷ್ಯನಿಗೆ ಇನ್ನೊಂದು ದಾರಿ ಇದೆ. ಮುಂಬಯಿಯ ಇಲಿಗಳು ಪ್ಲೇಗನ್ನು ಗೆದ್ದದ್ದು ತಮ್ಮ ಲಕ್ಷಾಂತರ ಹೆಣಗಳ ಮೇಲೆ. ಇಲಿಗಳಿಗೆ ಸಂಘವಿರಲಿಲ್ಲ. ದವಾಖಾನೆ ಇರಲಿಲ್ಲ. ಪಕ್ಕದವನು ಮಲಗಿದಾಗ ಗಂಜಿ ಕೊಡುವವರಿರಲಿಲ್ಲ. ನಮಗೆ ಇವೆಲ್ಲ ಇವೆ. ಸಾವಿನಿಂದ ಆಗತಕ್ಕ ಆಯ್ಕೆಯನ್ನು ತಪ್ಪಿಸಿ ಬುದ್ಧಿಯಿಂದಲೂ ಒಗ್ಗಟ್ಟಿನಿಂದಲೂ ಬದುಕುವುದು ನಮ್ಮ ಕೈಯಲ್ಲಿದೆ.

ಆದುದರಿಂದ, ಬಂಧುಗಳೇ, ನಾವು ನಿಮ್ಮಲ್ಲಿ ಕೇಳತಕ್ಕದ್ದು ಹೆಚ್ಚಿಲ್ಲ. ಎರಡು ವಾರ ಮೀರಿ ಕೆಮ್ಮು ನಿಲ್ಲದಿದ್ದರೆ ಕಫದ ಪರೀಕ್ಷೆ ಮಾಡಿಸಿ. ಸರಕಾರಿ ದವಾಖಾನೆಯಲ್ಲಿ ಅದಕ್ಕೂ ಮದ್ದಿಗೂ ಕಾಸಿಲ್ಲ. ಮದ್ದು ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವಂಬರದಿಂದ ಅದು 1,000 ರೂಪಾಯಿ ಆಗಿದೆ. ಅದನ್ನು ಕೇಳಿ ಪಡೆಯಿರಿ; ಅದು ಭಿಕ್ಷೆಯಲ್ಲ. ಊರಿಗೆ ಹೋಗುವಾಗ ಕಾಗದವನ್ನೂ ಮದ್ದನ್ನೂ ಕೊಂಡುಹೋಗಿ. ಊರಿನ ಆಸ್ಪತ್ರೆಯಲ್ಲಿಯೂ ಅದೇ ಮದ್ದು ಮುಂದುವರಿಯುತ್ತದೆ. ಗುಳಿಗೆ ಮೈಗೆ ಒಗ್ಗದಿದ್ದರೆ ನೀವಾಗಿ ಬಿಡಬೇಡಿ, ವೈದ್ಯರಿಗೆ ತಿಳಿಸಿ.

ಧಣಿಗಳು ಇಲ್ಲಿದ್ದರೆ ಅವರಿಗೂ ಒಂದು ಮಾತು. ನೀವೂ ಒಂದು ಕಾಲಕ್ಕೆ ಕಪ್ಪುಬಸಿ ತೊಳೆದವರೇ. ಟಿ.ಬಿ. ಹರಡುವುದು ಕೆಮ್ಮಿದ ಗಾಳಿಯಿಂದ, ತಟ್ಟೆಯಿಂದಲ್ಲ, ಲೋಟದಿಂದಲ್ಲ. ಸರಿಯಾದ ಮದ್ದು ನಡೆದರೆ ಕೆಲವು ವಾರಗಳಲ್ಲಿಯೇ ಹರಡುವ ಭಯ ಬಹಳ ಕಡಿಮೆಯಾಗುತ್ತದೆ. ಕೆಮ್ಮಿದವನನ್ನು ಹೊರಗೆ ಹಾಕಿದರೆ ಉಳಿದವರು ಕೆಮ್ಮನ್ನು ಅಡಗಿಸಲು ಕಲಿಯುತ್ತಾರೆ, ಅಷ್ಟೇ. ವೈದ್ಯರು ಹೇಳುವವರೆಗೆ ರಜೆ ಕೊಡಿ, ಅವನ ಜಾಗವನ್ನು ಹಾಗೆಯೇ ಇಡಿ, ಮಲಗುವ ಮಾಳಿಗೆಗೆ ಒಂದು ಕಿಟಕಿ ತೆಗೆಸಿ.

ಮತ್ತು ಸಂಘದವರಾದ ನಾವು? ಯಾರಾದರೂ ಮದ್ದಿನ ನಡುವೆ ಊರಿಗೆ ಹೊರಟರೆ ಇನ್ನು ಮೇಲೆ ಟಿಕೀಟಿಗಿಂತ ಮೊದಲು ಮದ್ದನ್ನು ಕೇಳುತ್ತೇವೆ. ಒಮ್ಮೆ ಕೇಳದೆ ಹೋದೆವು. ಇಬ್ಬರು ಅದರ ಬೆಲೆ ತೆತ್ತರು.

 ನಾಳೆ ಬೆಳಗಿನ ನಾಲ್ಕು ಗಂಟೆಗೆ ಭಟ್ಟಿ ಹಚ್ಚುವವರು ಮೊದಲು ಎದ್ದು ಹೋಗಲಿ.